ಅರಿಶಿಣ ಹಚ್ಚಿದ ಅರ್ಜಿ

ಮಸ್ಕಿಯ ಬಾಲಪ್ಪ ಬರೆದು ಹಾಕಿದ ನಲವತ್ತೊಂದು ಅರ್ಜಿಗಳಲ್ಲಿ ಒಂದಕ್ಕೆ ಕೊನೆಗೂ ಉತ್ತರ ಸಿಕ್ಕಿತು, ಅದೂ ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ. ಉತ್ತರವೆಂದರೆ ಅರ್ಜಿಯೇ ತಿರುಗಿ ಬಂದಿತ್ತು, ಹೊಟ್ಟೆಯಲ್ಲಿ ನಾಲ್ಕು ಮಿರ್ಚಿ ಭಜಿ ಇಟ್ಟುಕೊಂಡು. ಭಜಿ ತಿಂದು ಕೈ ಒರೆಸಿಕೊಳ್ಳಲೆಂದು ಕಾಗದ ಬಿಡಿಸಿದವನಿಗೆ ‘ಮಾನ್ಯರೇ, ನಾನು ಬಿ.ಕಾಂ. ಪರೀಕ್ಷೆಯಲ್ಲಿ ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದು’ ಎಂಬ ತನ್ನ ಮುದ್ದಾದ ಅಕ್ಷರಗಳೇ ಎಣ್ಣೆಯಲ್ಲಿ ಮಿಂದು ಹೊಳೆಯುವುದು ಕಂಡಿತು. ಭಜಿಯವನ ಮೇಲೆ ಸಿಟ್ಟಾಗಿ ಫಲವಿರಲಿಲ್ಲ. ಅವನು ರದ್ದಿಯನ್ನು ತೂಕಕ್ಕೆ ತರುತ್ತಿದ್ದ, ಯಾರ ಹಣೆಬರಹ ಅದರಲ್ಲಿದೆ ಎಂದು ಓದುತ್ತ ಕೂರುವವನಲ್ಲ.

ಅದು ಎಂಬತ್ತೆಂಟರ ಬೇಸಿಗೆ. ಬಾಲಪ್ಪ ಒಂದೊಂದು ಅರ್ಜಿಗೂ ಅರ್ಧ ದಿನ ಸುರಿಯುತ್ತಿದ್ದ. ಬಿಳಿ ಹಾಳೆಯ ಕೆಳಗೆ ಗೆರೆಯ ಹಾಳೆ ಇಟ್ಟುಕೊಂಡು, ಮಸಿಯ ಒಂದು ಹನಿ ಬಿದ್ದರೂ ಹರಿದು ಹಾಕಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹೈಸ್ಕೂಲಿನ ಮಾಸ್ತರರು ಹೇಳಿದ್ದನ್ನು ನಂಬಿ ಕೆಟ್ಟವನು ಅವನು. ಕಟ್ಟಿದ ಮುತ್ತುಗಳೆಲ್ಲ ಭಜಿ ಅಂಗಡಿ ಸೇರಿದ್ದವು.

ಬರೀ ನೌಕರಿಯ ಮಾತಾಗಿದ್ದರೆ ಅವನು ಇಷ್ಟು ಕಂಗೆಡುತ್ತಿರಲಿಲ್ಲ. ಸೋದರಮಾವ ದುರುಗಪ್ಪನ ಮಗಳು ಹುಲಿಗೆಮ್ಮ ಇವನಿಗೇ ಎಂದು ಅವಳ ತೊಟ್ಟಿಲ ದಿನವೇ ಮಾತಾಗಿತ್ತು. ಬಾಲಪ್ಪನಿಗೂ ಅವಳ ಮೇಲೆ ಜೀವ. ಅವಳ ಎದುರು ನಿಂತರೆ ತಾನು ಬಿ.ಕಾಂ. ಓದಿದ್ದೇ ಮರೆತು ಹೋಗುತ್ತಿತ್ತು. ಆದರೆ ದುರುಗಪ್ಪ ಸಿಂಧನೂರಿನ ಹತ್ತಿರ ಕಾಲುವೆಯ ತೂಬು ತೆಗೆದು ಹಾಕುವ ಸರಕಾರಿ ಕೆಲಸದವನು. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಸರಕಾರದ ದುಂಡು ಸಿಕ್ಕಾ ಮಾತ್ರ ದೂರದಿಂದಲೇ ಗುರುತು ಸಿಗುತ್ತಿತ್ತು. ಸಿಕ್ಕಾ ಒತ್ತಿದ ಕಾಗದ ಖರೆ, ಒತ್ತದ್ದು ಸುಳ್ಳು, ಇಷ್ಟೇ ಅವನ ಶಾಸ್ತ್ರ. ಮನೆಗೆ ಬಂದ ಕಾಗದಗಳನ್ನು ಏಳನೆಯ ತರಗತಿ ಮುಗಿಸಿದ ಹುಲಿಗೆಮ್ಮ ಓದಿ ಹೇಳಬೇಕು, ಅವಳು ಹೇಳಿದ್ದನ್ನು ಅವನು ದೇವರ ಮಾತೆಂದು ನಂಬಬೇಕು.

ಯುಗಾದಿಯ ದಿನ ದುರುಗಪ್ಪ ಅಳಿಯನನ್ನು ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

“ಕಾರಹುಣ್ಣಿಮಿ ಒಳಗ ನೌಕರಿ ಆರ್ಡರ್ ತೋರ್ಸು, ಹುಡುಗೀನ ಕರಕೊಂಡು ಹೋಗು. ಇಲ್ಲಾಂದ್ರ ಮುದಗಲ್ಲಿನ ಹಿಟ್ಟಿನ ಗಿರಣಿಯವ್ರು ಕೇಳಾಕತ್ತಾರ. ನಾ ಎಷ್ಟು ದಿನ ಅಂತ ತಡೀಲಿ?”

ಅಂದಿನಿಂದ ಬಾಲಪ್ಪನಿಗೆ ಗಿರಣಿಯ ಕೊಳವೆಯ ಸದ್ದು ಎಲ್ಲಿ ಕೇಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಭಜಿಯ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮಸ್ಕಿಯ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡಿದ. ಜನ ಯಾವ ಕಾಗದವನ್ನು ಬಿಸಾಕುವುದಿಲ್ಲ?

ಉತ್ತರ ಮನೆಯಲ್ಲೇ ನೇತಾಡುತ್ತಿತ್ತು. ಅವನ ತಾಯಿ ಯಮನಮ್ಮ ಗಂಡ ಸತ್ತ ಮೇಲೆ ಎರಡು ಎಮ್ಮೆ ಕಟ್ಟಿ ಮಗನನ್ನು ಓದಿಸಿದ ಹೆಂಗಸು. ಅವಳು ಮನೆಗೆ ಬಂದ ಮದುವೆ ಕಾರ್ಡುಗಳನ್ನೆಲ್ಲ ಒಂದು ತಂತಿಗೆ ಚುಚ್ಚಿ ಜಂತಿಗೆ ನೇತು ಹಾಕಿದ್ದಳು. ಇಪ್ಪತ್ತು ವರ್ಷದ ಹಿಂದಿನವೂ ಅಲ್ಲಿದ್ದವು. ಮದುವೆಯಾದವರು ಮೊಮ್ಮಕ್ಕಳನ್ನು ಕಂಡಿದ್ದರು, ಕೆಲವರು ಒಬ್ಬರನ್ನೊಬ್ಬರು ಬಿಟ್ಟು ಬೇರೆ ಆಗಿದ್ದರು, ಇಬ್ಬರು ತೀರಿಯೂ ಹೋಗಿದ್ದರು. ಕಾರ್ಡು ಮಾತ್ರ ಅಲ್ಲಾಡಿರಲಿಲ್ಲ. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದ ಕಾಗದವನ್ನು ಎಸೆಯುವುದು ಅಪಶಕುನ ಎಂದು ಅವಳು ಹೇಳುತ್ತಿದ್ದಳು. ಅವಳೊಬ್ಬಳೇ ಅಲ್ಲ, ಆ ಸೀಮೆಯಲ್ಲಿ ಕಲೆಕ್ಟರನಿಂದ ಕಸಗುಡಿಸುವವನವರೆಗೆ ಎಲ್ಲರೂ ಹಾಗೆಯೇ ನಂಬಿದ್ದರು.

ಮರುದಿನವೇ ಬಾಲಪ್ಪ ಅರ್ಜಿಯನ್ನೂ ಕಾರ್ಡಿನ ಮೇಲೆ ಅಚ್ಚು ಹಾಕಿಸಲೆಂದು ಲಿಂಗಸುಗೂರಿಗೆ ಹೋಗಿ ಜಂಗ್ಲಿಸಾಬನ ಅಚ್ಚಿನ ಅಂಗಡಿಯಲ್ಲಿ ನಿಂತ. ಜಂಗ್ಲಿಸಾಬ ಮೂವತ್ತು ವರ್ಷದಿಂದ ಮದುವೆ ಕಾರ್ಡು ಬಿಟ್ಟು ಬೇರೇನನ್ನೂ ಅಚ್ಚು ಹಾಕಿದವನಲ್ಲ. ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಜೋಡಿಸುವುದರಲ್ಲಿ ಅವನ ಬೆರಳು ನೋಡುವಂತಿತ್ತು. ಒಂದು ಅರ್ಜಿಗೂ ಮೊಳೆ ಜೋಡಿಸುವ ಶ್ರಮ ಅಷ್ಟೇ, ಮುನ್ನೂರಕ್ಕೂ ಅಷ್ಟೇ ಎಂದು ಅವನು ತಿಳಿಸಿ ಹೇಳಿದಾಗ ಬಾಲಪ್ಪನಿಗೆ ಜ್ಞಾನೋದಯವಾಯಿತು. ಒಂದು ಸಲ ಜೋಡಿಸಿದರೆ ಮುನ್ನೂರು ಕಡೆ ನೌಕರಿ ಕೇಳಬಹುದು. ಮುನ್ನೂರು ಜನರಲ್ಲಿ ಒಬ್ಬನಾದರೂ ಕರೆಯದೆ ಇರುತ್ತಾನೆಯೇ?

ಅವನು ಕೊಟ್ಟ ಬರಹ ಸರಳವಾಗಿತ್ತು. ಹೆಸರು, ಓದು, ಊರು, ಕೊನೆಗೆ ‘ಮೇ ಹನ್ನೆರಡರ ಗುರುವಾರದಿಂದ ಯಾವಾಗ ಕರೆದರೂ ಸಂದರ್ಶನಕ್ಕೆ ಸಿದ್ಧನಿದ್ದೇನೆ’ ಎಂಬ ಸಾಲು. ಹನ್ನೆರಡೇ ಏಕೆಂದರೆ, ಮನೆಯ ಗಬ್ಬದ ಎಮ್ಮೆ ಅಷ್ಟರೊಳಗೆ ಈಯುವ ಲೆಕ್ಕವಿತ್ತು, ಅಲ್ಲಿಯವರೆಗೆ ತಾಯಿಯೊಬ್ಬಳನ್ನೇ ಬಿಟ್ಟು ಊರು ಬಿಡುವಂತಿರಲಿಲ್ಲ. ಎಮ್ಮೆಯ ವಿಷಯವನ್ನು ಅವನು ಅರ್ಜಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಒಳ್ಳೆಯದಿತ್ತೇನೋ.

ನಾಲ್ಕು ದಿನ ಬಿಟ್ಟು ಹೋದಾಗ ಮುನ್ನೂರು ಕಾರ್ಡು ಸಿದ್ಧವಾಗಿ ಕೂತಿದ್ದವು. ಸುತ್ತ ಮಾವಿನ ತೋರಣದ ಅಂಚು, ಮೇಲೆ ಕಳಸ, ಅದರ ಕೆಳಗೆ ಶ್ರೀ ಮಲ್ಲಿಕಾರ್ಜುನ ಪ್ರಸನ್ನ. ಆಮೇಲೆ, ಯಮನಮ್ಮನವರ ಜ್ಯೇಷ್ಠ ಪುತ್ರ ಚಿರಂಜೀವಿ ಬಾಲಪ್ಪ ಬಿ.ಕಾಂ. ಇವನ ಸಂದರ್ಶನ ಮಹೋತ್ಸವವು ಮೇ ಹನ್ನೆರಡನೆಯ ಗುರುವಾರ ಬೆಳಿಗ್ಗೆ ಹತ್ತಕ್ಕೆ ಗುರುಹಿರಿಯರು ನಿಶ್ಚಯಿಸಿದಂತೆ ನೆರವೇರುವುದರಿಂದ, ತಾವು ಸಕುಟುಂಬ ಸಪರಿವಾರರಾಗಿ ಆಗಮಿಸಿ ಅಭ್ಯರ್ಥಿಯನ್ನು ಆಶೀರ್ವದಿಸಬೇಕು. ಸ್ಥಳ, ಅಭ್ಯರ್ಥಿಯ ಸ್ವಗೃಹ, ಮಸ್ಕಿ.

ಬಾಲಪ್ಪ ಕಾರ್ಡನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಇದೇನು ಮಾಡಿದಿರಿ ಎಂದು ಕೇಳಿದ. ಜಂಗ್ಲಿಸಾಬನಿಗೆ ತನ್ನಲ್ಲಿ ಯಾವ ತಪ್ಪೂ ಕಾಣಲಿಲ್ಲ.

“ತಾರೀಖು ಕೊಟ್ಟಿದ್ದಿ, ಜಾಗ ಕೊಟ್ಟಿರಲಿಲ್ಲ. ಜಾಗ ಇಲ್ಲದ ಕಾರ್ಡ ಈ ಅಂಗಡ್ಯಾಗ ಇವತ್ತಿನತನಕ ಅಚ್ಚಾಗಿಲ್ಲ ಬಾಲಪ್ಪ. ಮಂದಿ ಎಲ್ಲಿಗಂತ ಬರ್ಬೇಕು?”

ಮತ್ತೆ ಮೊಳೆ ಜೋಡಿಸಲು ಹದಿನೈದು ದಿನ ಬೇಕು, ಲಗ್ನದ ಸೀಜನ್ನು, ಕೈ ತುಂಬ ಕೆಲಸವಿದೆ ಎಂದ. ಕಾರಹುಣ್ಣಿಮೆಗೆ ಉಳಿದದ್ದು ಒಂದೂವರೆ ತಿಂಗಳು. ಬಾಲಪ್ಪ ಕಾರ್ಡನ್ನು ಇನ್ನೊಮ್ಮೆ ನೋಡಿದ. ಹೆಸರಿತ್ತು, ಬಿ.ಕಾಂ. ಇತ್ತು, ಸಂದರ್ಶನ ಎಂಬ ಶಬ್ದವೂ ಇತ್ತು. ಓದು ಬರುವ ಯಾವ ಅಧಿಕಾರಿಗಾದರೂ ಇದು ಅರ್ಜಿಯೆಂದು ತಿಳಿದೇ ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪಾಪ, ಅಧಿಕಾರಿಗಳು ಓದುತ್ತಾರೆ ಎಂದು ಅವನು ಇನ್ನೂ ನಂಬಿದ್ದ.

ವಿಳಾಸ ಹುಡುಕುವುದು ಕಷ್ಟವಾಗಲಿಲ್ಲ. ಗೊಬ್ಬರದ ಚೀಲ, ಊದಿನಕಡ್ಡಿಯ ಪೊಟ್ಟಣ, ಬೆಂಕಿಪೆಟ್ಟಿಗೆ, ಬೀಜದ ಡಬ್ಬಿ, ಎಲ್ಲದರ ಮೇಲೂ ಒಬ್ಬೊಬ್ಬ ಮಾಲೀಕ ಕೂತಿದ್ದ. ಉಳಿದವರನ್ನು ಅಂಚೆ ಕಚೇರಿಯ ಟೆಲಿಫೋನ್ ಪುಸ್ತಕದಿಂದ ಇಳಿಸಿಕೊಂಡ. ಬರೆಯುವ ಭರದಲ್ಲಿ ಒಬ್ಬ ಹಲ್ಲಿನ ಡಾಕ್ಟರರಿಗೂ, ಎರಡು ಟೂರಿಂಗ್ ಟಾಕೀಸಿಗೂ, ಮಾವ ದುರುಗಪ್ಪ ಕೆಲಸ ಮಾಡುವ ಕಾಲುವೆ ಕಚೇರಿಗೂ ವಿಳಾಸ ಬಿತ್ತು.

ಇನ್ನು ಅರಿಶಿಣ. ಯಮನಮ್ಮ ಗಂಡನಿಲ್ಲದವಳು, ಶುಭದ ಕಾಗದಕ್ಕೆ ತಾನು ಅರಿಶಿಣ ಹಚ್ಚಬಾರದು ಎಂದಳು. ಮಗ ಎಷ್ಟು ಹೇಳಿದರೂ ಕೇಳದೆ ಓಣಿಯ ಐದು ಜನ ಮುತ್ತೈದೆಯರನ್ನು ಕರೆದು ಪಡಸಾಲೆಯಲ್ಲಿ ಕೂರಿಸಿದಳು. ಅವರು ವಿಳಾಸ ಬರೆದ ಇನ್ನೂರ ಎಂಬತ್ತಮೂರು ಲಕೋಟೆಗಳ ಸಾವಿರದ ನೂರಾ ಮೂವತ್ತೆರಡು ಮೂಲೆಗಳಿಗೆ ಅರಿಶಿಣ ಹಚ್ಚುತ್ತ, ಹಚ್ಚುತ್ತ, ತಾವಾಗಿಯೇ ಸೋಬಾನೆ ಪದ ಎತ್ತಿಕೊಂಡರು. ಪದ ಮುಗಿಯುವಷ್ಟರಲ್ಲಿ ಬಾಲಪ್ಪನ ಲಗ್ನವೆಂದು ಮಸ್ಕಿಗೆಲ್ಲ ಗೊತ್ತಾಗಿತ್ತು. ಅಲ್ಲ ಎಂದು ಮನೆಮನೆಗೆ ಹೋಗಿ ಹೇಳಿದ್ದಕ್ಕೆ, ಹುಡುಗ ನಾಚಿಕೊಳ್ಳುತ್ತಾನೆ ಎಂದು ಜನ ನಕ್ಕರು.

ಮೊದಲ ಉತ್ತರ ತಂತಿಯಲ್ಲಿ ಬಂತು. ತಂತಿಯೆಂದರೆ ಸಾವು ಎಂದೇ ತಿಳಿದಿದ್ದ ಯಮನಮ್ಮ, ಪೋಸ್ಟಿನ ಬಂದೇಸಾಬ ಬಾಗಿಲಿಗೆ ಬಂದದ್ದೇ ತಡ, ಯಾರು ಸತ್ತರೆಂದು ಗೊತ್ತಿಲ್ಲದೆಯೇ ಅಳಲು ಕೂತಳು. ಬಾಲಪ್ಪ ಒಡೆದು ಓದಿದ. ನವದಂಪತಿಗಳ ಬಾಳು ಹಸನಾಗಲಿ ಎಂದು ಹುಬ್ಬಳ್ಳಿಯ ಒಂದು ಬೀಜದ ಕಂಪನಿ ಹಾರೈಸಿತ್ತು. ಮರುದಿನ ಎರಡು ಬಂದವು, ವಾರದಲ್ಲಿ ಹತ್ತೊಂಬತ್ತಾದವು. ತಂತಿ ಕಚೇರಿಯಲ್ಲಿ ಶುಭಾಶಯಗಳಿಗೆಲ್ಲ ಒಂದೊಂದು ನಂಬರು ಇರುವುದರಿಂದ ಎಲ್ಲವೂ ಅಕ್ಷರ ಬಿಡದೆ ಒಂದೇ ಆಗಿದ್ದವು. ಟಾಕೀಸಿನವರು ಮಾತ್ರ ಪತ್ರ ಬರೆದು, ಬರಲಾಗದ್ದಕ್ಕೆ ಕ್ಷಮೆ ಕೇಳಿ, ದಂಪತಿಗಳಿಗೆ ಎರಡು ಪಾಸು ಇಟ್ಟಿದ್ದರು. ಅಂತೂ ಒಂದು ಕಾಗದವನ್ನೂ ಯಾರೂ ಎಸೆದಿರಲಿಲ್ಲ. ಉಪಾಯ ಫಲಿಸಿತ್ತು, ಅದಕ್ಕೇ ಬಾಲಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯದಾಯಿತು.

ಕಾಲುವೆ ಕಚೇರಿಯ ಉತ್ತರ ಎಲ್ಲಕ್ಕಿಂತ ಗಂಭೀರವಾಗಿತ್ತು. ದೊಡ್ಡ ಲಕೋಟೆ, ಕಡತದ ಸಂಖ್ಯೆ, ಕೆಳಗೆ ಸಹಿ, ಸಹಿಯ ಪಕ್ಕದಲ್ಲಿ ರೊಟ್ಟಿಯಷ್ಟು ದುಂಡಗಿನ ನೀಲಿ ಸಿಕ್ಕಾ. ‘ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ. ಮೇ ಹನ್ನೆರಡರ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಸದರಿ ಕಾರ್ಯಕ್ರಮಕ್ಕೆ ತಪ್ಪದೆ ಹಾಜರಾಗುವಂತೆ ಈ ಕಚೇರಿಯ ಇಬ್ಬರಿಗೆ ಆದೇಶಿಸಲಾಗಿದೆ.’ ಬಾಲಪ್ಪ ಅದನ್ನು ಮೂರು ಸಲ ಓದಿ, ಇದರಿಂದ ತನಗೇನೂ ಪ್ರಯೋಜನವಿಲ್ಲವೆಂದು ತಿಳಿದು, ಮಾರ್ಕ್ಸ್ ಕಾರ್ಡುಗಳ ಫೈಲಿನೊಳಗೆ ತುರುಕಿದ.

ಆದರೆ ಆ ಕಚೇರಿಯಿಂದಲೇ ನಿಜವಾದ ಗಂಡಾಂತರ ಹೊರಟಿತ್ತು. ದುರುಗಪ್ಪನ ಬಾಯಲ್ಲೇ ಮಸ್ಕಿಯ ಬಿ.ಕಾಂ. ಅಳಿಯನ ಸುದ್ದಿ ಕೇಳಿದ್ದ ಅವನ ಸಾಹೇಬರು ಒಂದು ಮುಂಜಾನೆ ಕಾಲುವೆಯ ಮೇಲೆ ಅವನನ್ನು ತಡೆದು, ಅಳಿಯನ ಮದುವೆಗೆ ರಜೆ ಕೇಳಲೇ ಇಲ್ಲವಲ್ಲ ಎಂದರು. ದುರುಗಪ್ಪನ ಕೈಯಿಂದ ತೂಬಿನ ಕೀಲಿ ನೀರಿಗೆ ಬಿತ್ತು. ಮಾತು ಮುರಿದ ಅಳಿಯ ಬೇರೆ ಯಾವಳನ್ನೋ ಕಟ್ಟಿಕೊಳ್ಳುತ್ತಿದ್ದಾನೆ, ಊರಿಗೆಲ್ಲ ಕಾರ್ಡು ಕೊಟ್ಟು ತನ್ನ ಮನೆಗೆ ಮಾತ್ರ ಕೊಟ್ಟಿಲ್ಲ. ಬಾಲಪ್ಪ ವಿಷಯ ತಿಳಿಸಲು ಓಡಿ ಹೋದಾಗ ಮಾವ ಬಾಗಿಲು ತೆಗೆಯಲಿಲ್ಲ. ಕಿಟಕಿಯಲ್ಲಿ ಹುಲಿಗೆಮ್ಮ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

“ಹನ್ನೆರಡಕ್ಕ ನಾನೂ ಬರ್ತೀನಿ,” ಎಂದಳು. “ಆಕಿ ಮಕ ಒಂದ್ಸಲ ನೋಡಬೇಕು.”

ಆಕಿ ಯಾರೂ ಇಲ್ಲ, ಅದು ಅರ್ಜಿ ಎಂದು ಬಾಲಪ್ಪ ಹೇಳುವಷ್ಟರಲ್ಲಿ ಕಿಟಕಿಯೂ ಮುಚ್ಚಿತು. ಅರಿಶಿಣ ಹಚ್ಚಿ, ತೋರಣ ಬರೆದು, ಕಳಸ ಇಟ್ಟು ಅರ್ಜಿ ಹಾಕಿದೆ ಎಂದರೆ ಯಾರು ತಾನೇ ನಂಬುತ್ತಾರೆ?

ಹನ್ನೆರಡರ ಗುರುವಾರ ಎಮ್ಮೆ ಇನ್ನೂ ಈದಿರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಅಕ್ಕಿ ಗಿರಣಿಯವರ ಲಾರಿಯೊಂದು ಬಾಗಿಲ ಮುಂದೆ ನಿಂತು ಹದಿನಾಲ್ಕು ಜನರನ್ನು ಇಳಿಸಿತು. ಆಮೇಲೆ ಸೊಸೈಟಿಯ ಸೆಕ್ರೆಟರಿ ಹೆಂಡತಿ ಮಕ್ಕಳೊಂದಿಗೆ, ಊದಿನಕಡ್ಡಿಯ ಏಜೆಂಟ, ಹಲ್ಲಿನ ಡಾಕ್ಟರರು, ಒಂದು ಜೀಪಿನಲ್ಲಿ ಗೊಬ್ಬರದವರು. ಜಂಗ್ಲಿಸಾಬನೂ ತಾನು ಅಚ್ಚು ಹಾಕಿದ ಕಾರ್ಡು ಹಿಡಿದೇ ಬಂದ. ಒಂಬತ್ತೂವರೆಗೆ ಅರವತ್ತು ಮಂದಿಯಾದರು. ಉಡುಗೊರೆಯೆಂದು ಗೋಡೆ ಗಡಿಯಾರಗಳೇ ಹನ್ನೊಂದು ಬಂದವು, ಹನ್ನೊಂದೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು.

ಯಮನಮ್ಮ ಮಗನನ್ನು ಒಂದು ಮಾತೂ ಬೈಯಲಿಲ್ಲ. ಅರಿಶಿಣದ ಕಾಗದ ಕೊಟ್ಟು ಕರೆದವರನ್ನು ಉಪವಾಸ ಕಳಿಸಿದರೆ ಏಳು ಜನ್ಮಕ್ಕೂ ಪಾಪ ಹತ್ತುತ್ತದೆ ಎಂದು ಓಣಿಯವರನ್ನೆಲ್ಲ ಸೇರಿಸಿ ಗೋಧಿ ಹುಗ್ಗಿಗೆ ಇಟ್ಟಳು. ಹೆಂಗಸರು ಎದುರು ಮನೆಯಿಂದ ಜಮಖಾನೆ ತಂದು ಹಾಸಿದರು. ಬಾಲಪ್ಪ ಇದ್ದೊಂದು ಇಸ್ತ್ರಿಯ ಅಂಗಿ ತೊಟ್ಟು, ಫೈಲು ಹಿಡಿದು, ಬಂದದ್ದು ಬರಲಿ, ಇಷ್ಟು ಮಾಲೀಕರು ಒಂದೇ ಕಡೆ ಮತ್ತೆ ಸಿಗುವುದಿಲ್ಲ ಎಂದು ಒಬ್ಬೊಬ್ಬರ ಮುಂದೆಯೂ ಹೋಗಿ ಮಂಡಿಯೂರಿ ಕೂತ. ಅವರು ಮಾರ್ಕ್ಸ್ ಕಾರ್ಡಿನ ಮೇಲೆ ಅಕ್ಕಿ ಕಾಳು ಹಾಕಿ ಹರಸಿದರು. ಮದುವೆಯ ದಿನ ನೌಕರಿಯ ಮಾತು ಆಡಬಾರದು ಎಂದು ಬುದ್ಧಿ ಹೇಳಿದರು. ಅಷ್ಟು ಜನರ ಸಂದರ್ಶನದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಹುಡುಗಿ ಯಾವ ಊರಿನವಳು ಎಂದು.

ಹತ್ತು ಹೊಡೆಯುವ ಹೊತ್ತಿಗೆ, ಅಂದರೆ ಯಾವುದೋ ಒಂದು ಗಡಿಯಾರದಲ್ಲಿ, ದುರುಗಪ್ಪ ಬಡಿಗೆ ಹಿಡಿದ ನಾಲ್ಕು ಜನರೊಂದಿಗೆ ಓಣಿ ಹೊಕ್ಕ. ಹಿಂದೆ ಹುಲಿಗೆಮ್ಮ ಇದ್ದಳು. ಇಂದು ಈ ಚಪ್ಪರ ಕಿತ್ತು ಹಾಕದಿದ್ದರೆ ತನ್ನ ಹೆಸರು ದುರುಗಪ್ಪನಲ್ಲ ಎಂದು ಅವನು ದಾರಿಯುದ್ದಕ್ಕೂ ಸಾರುತ್ತ ಬಂದಿದ್ದ. ಬಾಗಿಲಲ್ಲಿ ಕಾಲಿಟ್ಟವನಿಗೆ ಕಂಡದ್ದು ಜಮಖಾನೆಯ ನಡುವೆ ಚಕ್ಕಳಮಕ್ಕಳ ಹಾಕಿ ಹುಗ್ಗಿ ಉಣ್ಣುತ್ತಿದ್ದ ತನ್ನ ಸಾಹೇಬರು. ಬಡಿಗೆ ತಾನಾಗಿ ಬೆನ್ನ ಹಿಂದೆ ಹೋಯಿತು.

ಸಾಹೇಬರು ತಲೆ ಎತ್ತಿ ದುರುಗಪ್ಪನನ್ನು ನೋಡಿದರು, ಪಕ್ಕದಲ್ಲಿ ಇಳಕಲ್ ಸೀರೆಯುಟ್ಟು ತಲೆ ಬಗ್ಗಿಸಿ ನಿಂತ ಹುಲಿಗೆಮ್ಮನನ್ನು ನೋಡಿದರು, ತುತ್ತು ನುಂಗಿ ಸಮಾಧಾನಪಟ್ಟರು.

“ಈಗ ಬಂದ್ರೇನು? ನಾವು ಆಗಲಿಂದ ಮದಿಮಗಳು ಎಲ್ಲಿ, ಎಲ್ಲಿ ಅಂತ ಕೇಳಾಕತ್ತೀವಿ. ಲಗೂ ಮುಗಿಸ್ರಿ ದುರುಗಪ್ಪ, ನಮಗ ಕಚೇರಿ ಐತಿ.”

ಅರವತ್ತು ಜನರೂ ತಿರುಗಿ ನೋಡಿದರು. ಸಾಹೇಬರ ಎದುರು ಇಲ್ಲ ಎಂದು ಹೇಳಿ ದುರುಗಪ್ಪನಿಗೆ ರೂಢಿಯಿರಲಿಲ್ಲ. ಅಲ್ಲದೆ ಅಕ್ಕಿ ಗಿರಣಿಯವರು, ಗೊಬ್ಬರದವರು, ಜೀಪಿನವರು ಎಲ್ಲ ಈ ಹುಡುಗನ ನೆಲದ ಮೇಲೆ ಕೂತು ಉಣ್ಣುತ್ತಿದ್ದಾರೆಂದರೆ ಇದರಲ್ಲಿ ಏನೋ ಇದೆ ಎನಿಸಿತು. ಅಳಿಯನ ರಟ್ಟೆ ಹಿಡಿದು ದನದ ಕೊಟ್ಟಿಗೆಯತ್ತ ಎಳೆದುಕೊಂಡು ಹೋದ. ಹುಲಿಗೆಮ್ಮನೂ ಹಿಂದೆಯೇ ಬಂದಳು. ಹುಡುಗಿ ಯಾರೂ ಇಲ್ಲವೆಂದು, ಕಾರ್ಡಿನ ಕಥೆಯೆಲ್ಲವನ್ನೂ ಬಾಲಪ್ಪ ಒಂದೇ ಉಸಿರಿನಲ್ಲಿ ಹೇಳಿದ. ದುರುಗಪ್ಪನಿಗೆ ಅರ್ಧವೂ ತಿಳಿಯಲಿಲ್ಲ.

“ಅದೆಲ್ಲ ಇರ್ಲಿ. ಆರ್ಡರ್ ಐತೋ ಇಲ್ಲೋ?”

ಇಲ್ಲ ಎಂದು ತೋರಿಸಲು ಬಾಲಪ್ಪ ಫೈಲು ಬಿಚ್ಚಿದ. ಮೇಲೆಯೇ ಇದ್ದ ಕಾಗದದ ಬುಡದಲ್ಲಿ ನೀಲಿ ಸಿಕ್ಕಾ ಹೊಳೆಯಿತು. ದುರುಗಪ್ಪನ ಕೈ ತಾನಾಗಿ ಅರ್ಧ ಮುಗಿದುಕೊಂಡಿತು. ಅದನ್ನು ಕಸಿದು ಮಗಳ ಕೈಗೆ ಕೊಟ್ಟು ಓದೆಂದ.

ಹುಲಿಗೆಮ್ಮ ಓದಿದಳು. ಮೊದಲು ತನ್ನಷ್ಟಕ್ಕೆ ತಾನು, ತುಟಿ ಅಲ್ಲಾಡಿಸುತ್ತ. ನಡುವೆ ಒಮ್ಮೆ ತಲೆ ಎತ್ತಿ ಬಾಲಪ್ಪನನ್ನು ನೋಡಿದಳು. ಅವನ ಇಸ್ತ್ರಿಯ ಅಂಗಿಯ ತುಂಬ ಅಕ್ಕಿ ಕಾಳು ಅಂಟಿದ್ದವು. ಬೇಡ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ತಂದೆಯ ಕಡೆ ತಿರುಗಿ, ಕಾಗದದ ಮೇಲೆ ಬೆರಳಿಟ್ಟು, ಇದ್ದ ಶಬ್ದಗಳನ್ನೇ ಹೆಕ್ಕಿ ಓದಿದಳು.

“ಪತ್ರ ಪರಿಶೀಲಿಸಲಾಗಿದೆ ಅಂತ ಬರದಾರಪ್ಪಾ. ಗುರುವಾರ ಹತ್ತು ಗಂಟೆಕ್ಕ ತಪ್ಪದೆ ಹಾಜರಾಗುವಂತೆ ಆದೇಶಿಸಲಾಗಿದೆ ಅಂತ ಐತಿ. ಕೆಳಗ ನಿಮ್ಮ ಸಾಹೇಬರ ಸಹಿ ಐತಿ.”

ದುರುಗಪ್ಪ ಬಾಗಿಲಿನಿಂದ ಇಣುಕಿ ಸಾಹೇಬರನ್ನು ನೋಡಿದ. ಸಾಹೇಬರು ಎರಡನೆಯ ಸಲ ಹುಗ್ಗಿ ಹಾಕಿಸಿಕೊಳ್ಳುತ್ತಿದ್ದರು. ಅವನ ಕಣ್ಣಲ್ಲಿ ನೀರು ಬಂತು. ಬಡಿಗೆಯನ್ನು ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಪಕ್ಕಕ್ಕೆ ಇಟ್ಟು, ಇಂಥ ಮಾತನ್ನು ಮಾವನಿಗೆ ಹೇಳುವುದು ಬಿಟ್ಟು ಊರಿಗೆಲ್ಲ ಹೇಳಿದೆಯಲ್ಲ ಎಂದು ಅಳಿಯನನ್ನು ಅಪ್ಪಿಕೊಂಡ.

ತಾಳಿ ತರುವಷ್ಟು ಹೊತ್ತಿರಲಿಲ್ಲ. ಲಕೋಟೆಗೆ ಹಚ್ಚಿ ಉಳಿದಿದ್ದ ಅರಿಶಿಣದ ಕೊಂಬಿಗೇ ದಾರ ಸುತ್ತಿದರು. ಊಟಕ್ಕೆಂದು ಬಂದಿದ್ದ ಓಣಿಯ ಅಯ್ಯನವರು ಬಾಯಿ ತೊಳೆದುಕೊಂಡು ಬಂದು ಮಂತ್ರ ಹೇಳಿದರು. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆ ಕೇಳುತ್ತ ಬೆಳೆದ ಬಾಲಪ್ಪನಿಗೆ ಮದುವೆಯಂತೂ ಆಗಿಹೋಯಿತು. ಆದೇಶದಂತೆ ಸಾಹೇಬರ ಜೊತೆ ಬಂದಿದ್ದ ಕಾಲುವೆ ಕಚೇರಿಯ ಇಬ್ಬರೂ ತಾವು ಹಾಜರಾದದ್ದಕ್ಕೆ ಸಾಕ್ಷಿಯೆಂದು ಅವನಿಂದ ಸಹಿ ಹಾಕಿಸಿಕೊಂಡು ಹೋದರು.

ಮಂದಿಯೆಲ್ಲ ಚೆದುರಿದ ಮೇಲೆ ಬಾಲಪ್ಪ ಹುಲಿಗೆಮ್ಮನ ಎದುರು ತಲೆ ತಗ್ಗಿಸಿ ಕೂತ. ಅವಳಿಗೆ ಮೋಸವಾಯಿತು, ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿದ. ಹುಲಿಗೆಮ್ಮ ಆ ಕಾಗದವನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

“ಓದಿದಾಕಿ ನಾನು. ನನಗ್ಯಾರು ಮೋಸ ಮಾಡ್ಯಾರ?” ಎಂದಳು. “ಇದು ನನ್ನ ಹತ್ರ ಇರ್ಲಿ. ಖರೇ ಆರ್ಡರ್ ತಂದ ದಿನ ಬದಲಿ ಕೊಡ್ತೀನಿ. ಕಾರ್ಡ ಎಷ್ಟ ಉಳದಾವು?”

ಹದಿನೇಳು ಉಳಿದಿದ್ದವು. ಅವಳು ಅವನ್ನು ತರಿಸಿ, ಮಹೋತ್ಸವವನ್ನೂ ತಾರೀಖನ್ನೂ ಸ್ವಗೃಹವನ್ನೂ ಸಕುಟುಂಬ ಸಪರಿವಾರವನ್ನೂ ಒಂದೊಂದರಲ್ಲೂ ಕಾಟು ಹಾಕಿ, ಖಾಲಿ ಅಂಚಿನಲ್ಲಿ ‘ಇದು ನೌಕರಿ ಅರ್ಜಿ, ಊಟ ಇರುವುದಿಲ್ಲ’ ಎಂದು ದುಂಡಗೆ ಬರೆದಳು. ಆಮೇಲೆ ಅರಿಶಿಣದ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡಳು. ಯಮನಮ್ಮ ಓಣಿಯ ಮುತ್ತೈದೆಯರನ್ನು ಕರೆಯಲು ಎದ್ದವಳು ಬಾಗಿಲ ತನಕ ಹೋಗಿ, ಸೊಸೆಯ ಕೊರಳಿನ ಅರಿಶಿಣದ ಕೊಂಬನ್ನು ನೋಡಿ, ತಿರುಗಿ ಬಂದು ಕೂತಳು.